ಇಲ್ಲದ ರೋಗಕ್ಕೆ ಬರೆದ ಕಾರ್ಡು

ಕಾರ್ಡಿನ ಮೇಲಿದ್ದ ಸಹಿ ನನ್ನದೇ ಆಗಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮಧುಗಿರಿಯಲ್ಲಿ ಕುಷ್ಠರೋಗ ನಿಯಂತ್ರಣದ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಪಾವಗಡದ ಕಡೆಯ ಕಾರ್ಯಕರ್ತರು ದೀರ್ಘ ರಜೆ ಹಾಕಿದ್ದರಿಂದ ಎರಡು ತಿಂಗಳ ಮಟ್ಟಿಗೆ ಆ ಭಾಗವನ್ನೂ ನಾನೇ ನೋಡಿಕೊಳ್ಳಬೇಕಾಯಿತು. ಆಂಧ್ರದ ಗಡಿಗೆ ಹತ್ತಿರದ ಒಂದು ಊರಿನ ಹೊರಗೆ ಹೊಂಗೆ ಮರದ ಕೆಳಗೆ ಮಡಿಸುವ ಮೇಜು ಹಾಕಿಕೊಂಡರೆ ಅದೇ ನಮ್ಮ ಕ್ಲಿನಿಕ್ಕು. ತಿಂಗಳಿಗೊಮ್ಮೆ ರೋಗಿಗಳು ಬಂದು ಕಾರ್ಡು ಚಾಚುತ್ತಿದ್ದರು. ನಾವು ಗುರುತು ಹಾಕಿ ಮುಂದಿನ ತಿಂಗಳಿಗಾಗುವಷ್ಟು ಮಾತ್ರೆ ಕೊಡುತ್ತಿದ್ದೆವು. ಆಗ ಇದ್ದದ್ದು ಒಂದೇ ಮಾತ್ರೆ, ಅದನ್ನು ವರ್ಷಗಟ್ಟಲೆ ನುಂಗಬೇಕಿತ್ತು.

ಸಾಲಿನ ಕೊನೆಯಲ್ಲಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಕಾರ್ಡು ಕೊಡಲು ಕೈ ಚಾಚಿದಾಗ ನಾನು ಕಾರ್ಡಿಗಿಂತ ಮೊದಲು ಕೈಯನ್ನೇ ನೋಡಿದೆ. ಬೆರಳ ತುದಿಯಿಂದ ಮೊಣಕೈವರೆಗೆ ಹಾಲಿನಂಥ ಬಿಳುಪು. ಇನ್ನೊಂದು ಕೈಯಲ್ಲೂ ಅಷ್ಟೇ, ಅಳೆದು ಇಟ್ಟಂತೆ. ಆ ಬಿಳುಪಿನ ಮೇಲಿನ ರೋಮ ಕೂಡ ಬೆಳ್ಳಗಾಗಿತ್ತು. ಕುಷ್ಠದ ಮಚ್ಚೆ ಹೀಗಿರುವುದಿಲ್ಲ. ಅದು ಮಾಸಲು, ಬಣ್ಣ ಪೂರ್ತಿ ಹೋಗಿರುವುದಿಲ್ಲ. ಇದು ತೊನ್ನು ಎಂದು ತರಬೇತಿಯ ಮೊದಲ ವಾರದವನೂ ಹೇಳಬಲ್ಲ.

ಯಾವ ಪುಣ್ಯಾತ್ಮ ಈಕೆಗೆ ಮಾತ್ರೆ ಬರೆದನೋ ಎಂದುಕೊಂಡು ಕಾರ್ಡು ತಿರುಗಿಸಿದೆ. ಮೂರು ವರ್ಷದ ಹಿಂದಿನದು. "ಬಲ ಮುಂಗೈ, ಒಂದು ಮಚ್ಚೆ, ಸ್ಪರ್ಶಜ್ಞಾನ ಇಲ್ಲ." ಕೆಳಗೆ ನನ್ನ ಸಹಿ.

"ನೀವೇ ಅಲ್ವಾ ಸಾರ್, ಬಾಲವಾಡಿಗೆ ಬಂದು ಗರಿ ಮುಟ್ಸಿದ್ದು?" ಎಂದಳು ಆಕೆ. ಸೆರಗು ಇಳಿದಾಗ ಕಂಡಿತು, ತುಟಿಯ ಸುತ್ತಲೂ ಬೆಳ್ಳಗಾಗಿತ್ತು.

ನನಗೆ ನೆನಪಾಯಿತು. ಕೊಡಿಗೇನಹಳ್ಳಿಗೆ ಒಂದು ಸ್ಟಾಪು ಹಿಂದಿನ ಊರು. ಆಕೆ ಅಲ್ಲಿನ ಬಾಲವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಮಾಡುತ್ತಿದ್ದಳು. ಮಕ್ಕಳನ್ನು ಪರೀಕ್ಷಿಸಿ ಮುಗಿಸಿದ ಮೇಲೆ ಆಕೆಯ ಮುಂಗೈಯಲ್ಲಿ ನಾಣ್ಯದಗಲದ ಬಿಳಿಚಿದ ಮಚ್ಚೆ ಕಂಡಿತ್ತು. ಕಣ್ಣು ಮುಚ್ಚಿಸಿ, ಹಕ್ಕಿಯ ಗರಿಯಿಂದ ಚರ್ಮ ಮುಟ್ಟಿ, ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳುವುದು ನಮ್ಮ ಪರೀಕ್ಷೆ. ತೋರಿಸದಿದ್ದರೆ ಅಲ್ಲಿ ಸ್ಪರ್ಶ ಹೋಗಿದೆ ಎಂದು ಅರ್ಥ. ಒಲೆಯ ಹೊಗೆ, ಮಕ್ಕಳ ಕೂಗಾಟ, ಬಾಗಿಲಲ್ಲಿ ಇಣುಕುವ ಹೆಂಗಸರು. ಆಕೆ ಹೆದರಿ ನಡುಗುತ್ತಿದ್ದಳು. ಎರಡು ಸಲ ತೋರಿಸಲಿಲ್ಲ. ಶಾಂತವಾದ ಜಾಗದಲ್ಲಿ ಇನ್ನೊಮ್ಮೆ ಮಾಡಬೇಕಿತ್ತು. ಬಿಸಿ ಮತ್ತು ತಣ್ಣೀರಿನ ಕೊಳವೆಗಳನ್ನು ಮುಟ್ಟಿಸಿ ನೋಡಬೇಕಿತ್ತು. ನನಗೆ ಬಸ್ಸಿನ ಹೊತ್ತಾಗಿತ್ತು. ಆ ತಿಂಗಳು ಒಂದೂ ಹೊಸ ರೋಗಿಯನ್ನು ಪತ್ತೆ ಮಾಡಿಲ್ಲವೆಂದು ಮೇಲ್ವಿಚಾರಕರು ಎಲ್ಲರ ಮುಂದೆ ಅಂದಿದ್ದೂ ಮನಸ್ಸಿನಲ್ಲಿತ್ತು. ಟಿಪ್ಪಣಿ ಪುಸ್ತಕದಲ್ಲಿ "ಸ್ಪರ್ಶಜ್ಞಾನ ಇಲ್ಲ?" ಎಂದು ಬರೆದುಕೊಂಡೆ. ಕಚೇರಿಯಲ್ಲಿ ಕಾರ್ಡಿಗೆ ಇಳಿಸುವಾಗ ಪ್ರಶ್ನೆ ಚಿಹ್ನೆ ಬಿಟ್ಟುಹೋಯಿತು. ಬಿಟ್ಟುಹೋಯಿತು ಎನ್ನುವುದಕ್ಕಿಂತ, ಬಿಟ್ಟೆ ಎನ್ನುವುದೇ ಸರಿ. ವೈದ್ಯಾಧಿಕಾರಿಯ ಹುದ್ದೆ ಆಗ ಖಾಲಿ ಇತ್ತು. ಇನ್ನೊಬ್ಬರು ನೋಡಿ ಖಚಿತಪಡಿಸುವ ಕ್ರಮ ನಡೆಯಲೇ ಇಲ್ಲ. ಆಮೇಲೆ ಮಾತ್ರೆ ಕೊಟ್ಟವರೂ ಕಾರ್ಡನ್ನಷ್ಟೇ ನೋಡಿದರು.

ಉಳಿದ ರೋಗಿಗಳನ್ನು ಕಳಿಸಿ, ಆಕೆಯ ತಾಯಿಯ ಮನೆಗೆ ಹೋದೆ. ನಡುಮನೆಯ ಬೆಳಕಿನಲ್ಲಿ ಚಾಪೆಯ ಮೇಲೆ ಕೂರಿಸಿ, ಒಂದು ಗಂಟೆ ಪರೀಕ್ಷೆ ಮಾಡಿದೆ. ಗರಿ ಮುಟ್ಟಿಸಿದ ಕಡೆಯೆಲ್ಲಾ ಬೆರಳು ತಪ್ಪದೆ ಬಂತು. ಬಿಸಿ ಯಾವುದು ತಣ್ಣಗೆ ಯಾವುದು ಎಂದು ಪ್ರತಿ ಸಲ ಸರಿಯಾಗಿ ಹೇಳಿದಳು. ಕುಷ್ಠದಲ್ಲಿ ಆಗುವಂತೆ ಮೊಣಕೈ ಹಿಂದಿನ ನರ ದಪ್ಪಗಾಗಿರಲಿಲ್ಲ. ಮಚ್ಚೆಗಳ ಮೇಲೆ ಬೆವರು ಒಸರುತ್ತಿತ್ತು, ಕುಷ್ಠದ ಮಚ್ಚೆ ಒಣಗಿರುತ್ತದೆ. ಕೊನೆಗೆ ಕಿವಿಯ ಹಾಲೆಯಿಂದ ಚೂರು ಕೆರೆದು ಗಾಜಿನ ಪಟ್ಟಿಗೆ ಸವರಿಕೊಂಡೆ, ಪ್ರಯೋಗಾಲಯಕ್ಕೆ ಕಳಿಸಲು.

"ಮಾತ್ರೆ ನಿಲ್ಲಿಸಿಬಿಡಮ್ಮ," ಎಂದೆ. "ನಿನಗೆ ಆ ರೋಗ ಇಲ್ಲ. ಇದು ತೊನ್ನು. ಯಾರಿಗೂ ಅಂಟಲ್ಲ."

ಮೂಲೆಯಲ್ಲಿದ್ದ ಮುದುಕಿ ತಾಯಿ ಎದ್ದು ಬಂದಳು. "ಲೇದಾ? ಇಲ್ವಾ?" ಎಂದು ಎರಡು ಭಾಷೆಯಲ್ಲೂ ಕೇಳಿದಳು. ಇಲ್ಲ ಎಂದೆ. "ಮತ್ತೆ ನನ್ನ ಮಗಳ ಬತುಕು ಯಾರಪ್ಪಾ ವಾಪಸ್ ಕೊಡೋರು?"

ಕಾರ್ಡು ಕೊಟ್ಟ ವಾರದೊಳಗೆ ಆಕೆಯನ್ನು ಬಾಲವಾಡಿಯಿಂದ ಬಿಡಿಸಿದ್ದರು. ದೊಡ್ಡ ರೋಗದವಳು ಮಾಡಿದ ಉಪ್ಪಿಟ್ಟನ್ನು ನಮ್ಮ ಮಕ್ಕಳು ತಿಂದವೆ ಎಂದು ಹೆಂಗಸರು ಬಂದು ಪಾತ್ರೆ ಎಸೆದಿದ್ದರು. ಕೆಲವು ತಿಂಗಳು ಕೊಟ್ಟಿಗೆಯ ಪಕ್ಕದಲ್ಲಿ ಬೇರೆ ಇಟ್ಟಿದ್ದ ಗಂಡ, ಆಮೇಲೆ ತವರಿಗೆ ಬಿಟ್ಟುಹೋಗಿದ್ದ. ನಾಲ್ಕು ವರ್ಷದ ಮಗಳನ್ನು ಅತ್ತೆ ಕಳಿಸಿರಲಿಲ್ಲ. ತವರಿನಲ್ಲಿ ಯಾರೋ ಹೇಳಿದರೆಂದು ಬಿಳಿ ಮಚ್ಚೆಯ ನಾಟಿ ಮದ್ದಾದ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಲ್ಲಿ ಕೂರಿಸಿದ್ದರಿಂದ ಮುಂಗೈ ಬೊಬ್ಬೆಯೆದ್ದು ಸುಟ್ಟಿತ್ತು. ಮಾತ್ರೆ ತಿಂದಾಗಲೆಲ್ಲಾ ತಲೆ ತಿರುಗುತ್ತಿತ್ತಂತೆ. ಆದರೂ ಒಂದು ತಿಂಗಳೂ ತಪ್ಪಿಸಿರಲಿಲ್ಲ. ವಾಸಿಯಾದರೆ ಮಗಳನ್ನು ನೋಡಬಹುದು ಎಂದು.

ಮೂರು ವಾರದ ಮೇಲೆ ಪ್ರಯೋಗಾಲಯದ ವರದಿ ಬಂತು. ರೋಗಾಣು ಇರಲಿಲ್ಲ. ಹೊಸದಾಗಿ ಬಂದಿದ್ದ ವೈದ್ಯಾಧಿಕಾರಿಗಳು ಪಾವಗಡಕ್ಕೆ ಹೋದಾಗ ಆಕೆಯನ್ನು ತಾವೇ ನೋಡಿ ಬಂದರು. ಜೀಪಿನಿಂದ ಇಳಿದವರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ತೊನ್ನೇ. ಅನುಮಾನವೇ ಇಲ್ಲ," ಎಂದರು. "ಚಿಕಿತ್ಸೆ ಮುಗಿದು ಗುಣಮುಖ ಅಂತ ಬರೆದು ಬಿಡುಗಡೆ ಮಾಡಿಬಿಡಿ. ಆಕೆಗೂ ಒಳ್ಳೆಯದು, ನಿಮಗೂ ಒಳ್ಳೆಯದು."

"ಸಾರ್, ರೋಗವೇ ಇರಲಿಲ್ಲವಲ್ಲ."

"ನನಗೆ ಗೊತ್ತಿಲ್ಲವೇ? ಆದರೆ ಯೋಚನೆ ಮಾಡಿ. ಒಬ್ಬಳ ಕಾರ್ಡು ತಪ್ಪು ಅಂತ ಊರಿಗೆಲ್ಲಾ ಗೊತ್ತಾದರೆ, ನಿಜವಾಗಿ ರೋಗ ಇರುವವರೂ ನಮ್ಮದೂ ತಪ್ಪೇ ಇರಬೇಕು ಅಂತ ಮಾತ್ರೆ ಬಿಡುತ್ತಾರೆ. ಅವರ ಬೆರಳು ಹೋದರೆ ಯಾರು ಹೊಣೆ?"

ಆ ಮಾತು ಸುಳ್ಳಲ್ಲ. ಮಾತ್ರೆ ನಿಲ್ಲಿಸಿ ಪಾದ ಕಳೆದುಕೊಂಡವರನ್ನು ನಾನೇ ಕಂಡಿದ್ದೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ ಎಂಬುದೂ ಸುಳ್ಳಲ್ಲ. ಎರಡರಲ್ಲಿ ಯಾವುದು ನನ್ನನ್ನು ಹೆಚ್ಚು ಒಪ್ಪಿಸಿತೋ ಇವತ್ತಿಗೂ ಹೇಳಲಾರೆ. "ಗುಣಮುಖ" ಎಂದು ಚೀಟಿ ಬರೆದು, ಸಹಿ ಮಾಡಿಸಿಕೊಂಡು, ಮರುದಿನವೇ ಪಾವಗಡದ ಬಸ್ಸು ಹತ್ತಿದೆ.

ಆಕೆ ಏಳನೇ ತರಗತಿವರೆಗೆ ಓದಿದ್ದಳು. ಚೀಟಿಯನ್ನು ಬಾಗಿಲ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. ಮಡಿಸಿ ನನ್ನ ಕೈಗೆ ವಾಪಸ್ ಇಟ್ಟಳು.

"ಇಲ್ಲದ ರೋಗ ಹೆಂಗೆ ಸಾರ್ ವಾಸಿ ಆಯ್ತು?"

ನಾನು ಏನೋ ಸಮಜಾಯಿಷಿ ಹೇಳಲು ಹೊರಟೆ.

"ಇದನ್ನ ತಗಂಡೋಗಿ ನಮ್ಮತ್ತೆಗೆ ತೋರ್ಸುದ್ರೆ ಏನಂತಾಳೆ? ದೊಡ್ಡ ರೋಗ ಇತ್ತು ಅಂತ ಸರ್ಕಾರದೋರೇ ಬರ್ಕೊಟ್ಟವ್ರೆ ಅಂತಾಳೆ. ಕೈ ಇನ್ನೂ ಬೆಳ್ಳಗೆ ಐತೆ, ಎಲ್ಲಿ ವಾಸಿ ಆಯ್ತು ಅಂತಾಳೆ. ನಾಳೆ ನನ್ನ ಮಗಳ್ನ ಯಾರಾದ್ರೂ ಕೇಳಾಕ್ ಬಂದ್ರೆ ತಾಯಿಗೆ ಆ ರೋಗ ಇತ್ತಂತೆ ಅಂತಾರೆ." ಆಕೆಯ ದನಿ ಏರಲೇ ಇಲ್ಲ. "ತಪ್ಪಾಯ್ತು ಅಂತ ಬರ್ಕೊಡಿ ಸಾರ್. ಅಂಗೆ ಬರೆಯಾಕಾಗಲ್ಲ ಅಂದ್ರೆ ಈ ಚೀಟೀನೂ ಬ್ಯಾಡ."

ಹಿಂದಿರುಗುವಾಗ ಬಸ್ಸಿನಲ್ಲಿ ಸೀಟು ಸಿಕ್ಕರೂ ನನಗೆ ಕೂರಲಾಗಲಿಲ್ಲ. ಮಧುಗಿರಿಯಲ್ಲಿ ಇಳಿದವನು ಮನೆಗೆ ಹೋಗದೆ ನೇರ ಕಚೇರಿಗೆ ಹೋಗಿ ಒಂದು ಹಾಳೆಯಲ್ಲಿ ಬರೆದೆ: ಪರೀಕ್ಷೆಯನ್ನು ನಾನು ಕ್ರಮವಾಗಿ ಮಾಡಲಿಲ್ಲ, ಅನುಮಾನವಿದ್ದರೂ ಖಚಿತವೆಂದು ದಾಖಲಿಸಿದೆ, ಈ ಮಹಿಳೆಗೆ ಕುಷ್ಠರೋಗ ಎಂದೂ ಇರಲಿಲ್ಲ. ವೈದ್ಯಾಧಿಕಾರಿಗಳ ಮೇಜಿನ ಮೇಲಿಟ್ಟೆ.

ಅವರು ಎರಡು ಸಲ ಓದಿದರು. "ಇದಕ್ಕೆ ನಾನು ಸಹಿ ಹಾಕಿದರೆ ನಿಮಗೆ ಮೆಮೋ ಕೊಡಲೇಬೇಕು."

"ಕೊಡಿ ಸಾರ್."

ಅವರು ಪೆನ್ನು ತೆಗೆದುಕೊಂಡರು. ಆಮೇಲೆ ಕಾರ್ಡಿನ ಮೇಲೆ ಅಡ್ಡಗೀಟು ಎಳೆದು, "ತಪ್ಪು ರೋಗನಿರ್ಣಯ, ರದ್ದು" ಎಂದು ತಾವೇ ಬರೆದು ಮೊಹರು ಒತ್ತಿದರು. "ಊರಿಗೆ ಹೋಗಿ ಹೇಳುವುದೂ ನಿಮ್ಮ ಕೆಲಸವೇ. ಆದರೆ ಒಬ್ಬನೇ ಒಬ್ಬ ರೋಗಿ ಮಾತ್ರೆ ಬಿಟ್ಟರೂ ನೀವೇ ಅವನ ಮನೆ ಬಾಗಿಲಲ್ಲಿ ಕೂರಬೇಕು," ಎಂದರು.

ಆಕೆಯ ಗಂಡನ ಊರಿನವರನ್ನು ಬಾಲವಾಡಿಯ ಮುಂದೆ ಸೇರಿಸಲು ಪಂಚಾಯಿತಿ ಚೇರ್ಮನ್ನರು ಒಪ್ಪಿದರು. ಬೆಳಿಗ್ಗೆ ಒಂಬತ್ತಕ್ಕೆ ಐವತ್ತು ಅರವತ್ತು ಜನ ಬಂದಿದ್ದರು. ಆಕೆ ತಾಯಿಯ ಜೊತೆ ಮೊದಲ ಬಸ್ಸಿಗೇ ಬಂದು ಜಗುಲಿಯ ತುದಿಯಲ್ಲಿ ಕುಳಿತಿದ್ದಳು. ಅವಳ ಪಕ್ಕದಲ್ಲಿ ನಾಲ್ಕು ಜನ ಕೂರುವಷ್ಟು ಜಾಗ ಖಾಲಿ. ಗಂಡ ದೂರದಲ್ಲಿ ಸೈಕಲ್ಲಿಗೆ ಒರಗಿ ನಿಂತಿದ್ದ. ಅವನಿಗೆ ಇನ್ನೊಂದು ಮದುವೆಯಾಗಿ ಆರು ತಿಂಗಳಾಗಿದೆ ಎಂದು ಅವತ್ತೇ ನನಗೆ ತಿಳಿದದ್ದು.

ನಾನು ಕಾರ್ಡು ಎತ್ತಿ ಹಿಡಿದು ನಡೆದದ್ದನ್ನು ಹೇಳಿದೆ. ನನ್ನ ತಪ್ಪು ಎಂದೆ. ಈಕೆಯದು ತೊನ್ನು, ಚರ್ಮದ ಬಣ್ಣ ಮಾತ್ರ ಹೋಗುವುದು, ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಬರುವುದಿಲ್ಲ ಎಂದೆ.

ಅತ್ತೆ ಎದ್ದು ನಿಂತಳು. "ಅವತ್ತೂ ನೀವೇ ಬಂದು ಐತೆ ಅಂದ್ರಿ. ಇವತ್ತೂ ನೀವೇ ಬಂದು ಇಲ್ಲ ಅಂತೀರ. ಯಾವುದ ನಂಬನ?"

"ಅದೇ ಮತ್ತೆ!" ಎಂದು ನಾಲ್ಕಾರು ದನಿಗಳು ಎದ್ದವು. "ಎಷ್ಟು ಕೊಟ್ರಂತೆ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಚೇರ್ಮನ್ನರು ಕೈಯೆತ್ತಿ ಸುಮ್ಮನಿರಿಸಿದರು.

"ಸಾರ್, ಬಾಯಲ್ಲಿ ಹೇಳುದ್ರೆ ಜನ ಕೇಳಾಕಿಲ್ಲ. ನಮ್ಮೆದ್ರುಗೇ ಪರೀಕ್ಷೆ ಮಾಡಿ."

ಆಕೆಯನ್ನು ಇಷ್ಟು ಜನರ ಮಧ್ಯೆ ಕೂರಿಸುವುದೇ? ನನಗೆ ಮನಸ್ಸು ಒಗ್ಗಲಿಲ್ಲ. ತಟ್ಟನೆ ಒಂದು ಯೋಚನೆ ಬಂತು. "ಆಗಲಿ. ಮೊದಲು ನಿಮಗೆ ಮಾಡ್ತೀನಿ ಚೇರ್ಮನ್ರೇ. ಎಲ್ಲರೂ ನೋಡಲಿ."

ಜನ ನಕ್ಕರು. ಅವರೂ ನಕ್ಕು ಕುರ್ಚಿಯಲ್ಲಿ ಕುಳಿತು ಅಂಗೈ ಚಾಚಿ ಕಣ್ಣು ಮುಚ್ಚಿದರು. ನೇಗಿಲು ಹಿಡಿದು ಜಡ್ಡುಗಟ್ಟಿದ ಅಂಗೈ. ಐದು ಕಡೆ ಗರಿ ಮುಟ್ಟಿಸಿದೆ. ಅವರು ತೋರಿಸಿದ್ದು ಮೂರು.

"ಚೇರ್ಮನ್ರಿಗೂ ಒಂದು ಕಾರ್ಡು ಬರೀರಿ ಸಾರ್!" ಎಂದು ಯಾರೋ ಕೂಗಿದರು. ನಗು ಎದ್ದಿತು. ಚೇರ್ಮನ್ನರು ನಗಲಿಲ್ಲ. ನನ್ನ ಕಡೆ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ, "ಏನ್ ಸಾರ್, ನಂಗೇನಾರ ಐತಾ?" ಎಂದರು. ಅವರ ಹಣೆಯಲ್ಲಿ ಬೆವರು ಮೂಡಿತ್ತು.

"ಏನೂ ಇಲ್ಲ. ಜಡ್ಡುಗಟ್ಟಿದ ಚರ್ಮ, ಅಷ್ಟೇ. ಆದರೆ ನಾನು ಅವತ್ತಿನಂತೆ ಅವಸರದಲ್ಲಿದ್ದಿದ್ದರೆ ಈಗ ನಿಮ್ಮ ಹೆಸರೂ ಬರೆದುಕೊಂಡು ಹೋಗುತ್ತಿದ್ದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ನಗು ನಿಂತಿತು. ಚೇರ್ಮನ್ನರು ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಎದ್ದು, "ಬುಡಿ ಸಾರ್, ಆ ಯಮ್ಮಂಗೆ ಬ್ಯಾಡ," ಎಂದರು.

"ಬ್ಯಾಡ ಯಾಕೆ? ಮಾಡ್ಲಿ," ಎಂದು ಆಕೆಯೇ ಬಂದು ಕುರ್ಚಿಯಲ್ಲಿ ಕುಳಿತಳು. ಸೆರಗು ಇಳಿಸಿ ಎರಡೂ ಕೈ ಚಾಚಿ ಕಣ್ಣು ಮುಚ್ಚಿದಳು. ಹತ್ತು ಸಲ ಮುಟ್ಟಿಸಿದೆ. ಹತ್ತು ಸಲವೂ ಬೆರಳು ನೇರ ಬಂತು. ಬಾಗಿಲಲ್ಲಿದ್ದ ಹೆಂಗಸರು ಎಣಿಸುತ್ತಿದ್ದರು.

ಅಲ್ಲಿಗೆ ಮುಗಿಯಿತು ಎಂದು ನಾನು ಗರಿಯನ್ನು ಚೀಲಕ್ಕೆ ಹಾಕುತ್ತಿದ್ದೆ. ಜನರ ಹಿಂದಿನಿಂದ ಕಂಬಳಿ ಹೊದ್ದ ಮುದುಕರೊಬ್ಬರು ಕೋಲೂರಿಕೊಂಡು ಮುಂದೆ ಬಂದರು. ಕುರಿ ಕಾಯುವವರು, ನನ್ನ ಕೊಡಿಗೇನಹಳ್ಳಿ ಕ್ಲಿನಿಕ್ಕಿಗೆ ತಪ್ಪದೆ ಬರುವ ರೋಗಿ. ಎಡಗೈಯ ಎರಡು ಬೆರಳು ಮಡಿಚಿಕೊಂಡಿದ್ದವು.

"ಆ ತಾಯಿಗೆ ಇಲ್ಲ ಅಂದ್ರಿ. ಬಾಳ ಸಂತೋಸ ಸಾಮಿ," ಎಂದರು. "ನಂಗೆ ಐತಲ್ಲ. ನಾನು ಎಲ್ಲಿಗೆ ಹೋಗ್ಲಿ?"

ಅಷ್ಟು ಹೊತ್ತು ನಾನು ಆಡಿದ ಮಾತಿಗೆಲ್ಲಾ ಒಂದೇ ಅರ್ಥವಿತ್ತು: ಈಕೆ ರೋಗವಿರುವವರಲ್ಲಿ ಒಬ್ಬಳಲ್ಲ, ಆದ್ದರಿಂದ ಹತ್ತಿರ ಸೇರಿಸಿಕೊಳ್ಳಿ. ಹಾಗಾದರೆ ಅವರನ್ನು? ಇಷ್ಟು ವರ್ಷ ಅವರ ನಡುವೆಯೇ ಓಡಾಡಿದ ನನಗೆ ಅದು ಹೊಳೆದಿರಲಿಲ್ಲ. ಅಜ್ಜ ವರ್ಷಗಳಿಂದ ಮಾತ್ರೆ ತಿಂದಿದ್ದಾರೆ, ಅವರಿಂದ ಈಗ ಯಾರಿಗೂ ಹರಡುವುದಿಲ್ಲ ಎಂದು ಹೇಳಿದೆ. ಮಾತು ಸರಿಯಾಗಿಯೇ ಇತ್ತು, ಆದರೆ ಪಾಠ ಒಪ್ಪಿಸಿದಂತಿತ್ತು. ಯಾರೂ ಅಲುಗಾಡಲಿಲ್ಲ.

ಆಕೆ ಕುರ್ಚಿಯಿಂದ ಎದ್ದಿರಲಿಲ್ಲ. ಕೂತಲ್ಲಿಂದಲೇ ಮಾತಾಡಿದಳು.

"ಮೂರು ವರ್ಷ ನಂಗೂ ಐತೆ ಅಂತ್ಲೇ ನಾನು ನಂಬಿದ್ದೆ. ಐತೆ ಅಂದ್ಕಂಡಿದ್ದಾಗ್ಲೂ ನಂಗೆ ಹಸಿವಾಯ್ತಿತ್ತು. ಮಗೀನ ನೋಡ್ಬೇಕು ಅನ್ನುಸ್ತಿತ್ತು. ಯಾರಾದ್ರೂ ಒಳಿಕ್ಕೆ ಬಾ ಅನ್ಲಿ ಅನ್ನುಸ್ತಿತ್ತು. ಇವತ್ತು ಇಲ್ಲ ಅಂದ ಮಾತ್ರಕ್ಕೆ ನಾನೇನು ಬ್ಯಾರೆ ಮನುಷ್ಯಳಾಗ್ಬುಟ್ನಾ?" ಎದ್ದು ನಿಂತು ಕುರ್ಚಿಯನ್ನು ಮುಂದೆ ನೂಕಿದಳು. "ಕುಂತ್ಕಳಜ್ಜ."

ಅಜ್ಜ ಕುಳಿತರು. ಚೇರ್ಮನ್ನರು ಒಳಗಿನಿಂದ ನೀರು ತರಿಸಿದರು. ಮೊದಲು ಅಜ್ಜನಿಗೆ, ಆಮೇಲೆ ಆಕೆಗೆ. ಕೆಲವರು ಎದ್ದು ಹೋದರು. ಹೆಚ್ಚು ಜನ ಹೋಗಲಿಲ್ಲ.

ಎಲ್ಲವೂ ಸರಿಹೋಯಿತು ಎಂದು ಬರೆಯಲು ಬರುವುದಿಲ್ಲ. ಗಂಡ ಮಾತು ಮುಗಿಯುವ ಮೊದಲೇ ಸೈಕಲ್ಲು ಹತ್ತಿದ್ದ. ಬಾಲವಾಡಿಯಲ್ಲಿ ಬೇರೊಬ್ಬರನ್ನು ನೇಮಿಸಿಕೊಂಡಾಗಿತ್ತು, ಆ ಕೆಲಸ ಸಿಗಲಿಲ್ಲ. ಅವತ್ತು ಮಗುವನ್ನೂ ಅತ್ತೆ ಹೊರಗೆ ಬಿಡಲಿಲ್ಲ. ಡಾಕ್ಟರು ಹೆದರಿದಂತೆ ಇಬ್ಬರು ರೋಗಿಗಳು ಮಾತ್ರೆ ಬಿಟ್ಟರು. ಅವರ ಮನೆಗೆ ನಾನು ಎಷ್ಟು ಸಲ ಸೈಕಲ್ಲು ತುಳಿದೆನೋ. ಒಬ್ಬರು ಮರಳಿ ಬಂದರು. ಇನ್ನೊಬ್ಬರು ಬರಲೇ ಇಲ್ಲ. ನನಗೆ ಮೆಮೋ ಬಂತು, ಖಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು.

ಎರಡು ತಿಂಗಳ ಮೇಲೆ ಅತ್ತೆಯೇ ಮೊಮ್ಮಗಳ ಕೈ ಹಿಡಿದು ಪಾವಗಡದ ಬಸ್ಸಿನಿಂದ ಆಕೆಯ ತವರೂರಿನಲ್ಲಿ ಇಳಿದಳಂತೆ. ಹೊಸ ಸೊಸೆಗೂ ಮಗುವಿಗೂ ಹೊಂದಿಕೆಯಾಗಿರಲಿಲ್ಲ ಎಂದು ಒಬ್ಬರು, ಅತ್ತೆಯ ಮನಸ್ಸು ಚುಚ್ಚಿತು ಎಂದು ಇನ್ನೊಬ್ಬರು ಹೇಳಿದರು. ಕಾರಣ ಏನೇ ಇರಲಿ, ಮಗು ತಾಯಿಯ ಬಳಿ ಉಳಿಯಿತು.

ಅದಾದ ಮೇಲೆ ಒಂದು ಕ್ಲಿನಿಕ್ಕಿನ ದಿನ ಆಕೆ ಕೊಡಿಗೇನಹಳ್ಳಿಗೆ ಬಂದು ಕೇಳಿದ ಪ್ರಶ್ನೆ ನಾನು ಕೇಳಿಕೊಳ್ಳಬೇಕಿದ್ದದ್ದು: "ನಿಮ್ಮ ಪುಸ್ತಕದಾಗೆ ನನ್ನಂಗೆ ಇನ್ನೂ ಎಷ್ಟು ಜನ ಅವ್ರೆ ಸಾರ್?"

ಸುತ್ತಲ ತಾಲ್ಲೂಕುಗಳೂ ಸೇರಿದ್ದ ನಮ್ಮ ಘಟಕದ ರಿಜಿಸ್ಟರು ತೆಗೆದು, ಒಂದೇ ಮಚ್ಚೆ ಎಂದು ಬರೆದ ಪ್ರತಿ ಹೆಸರನ್ನೂ ಮತ್ತೆ ಪರೀಕ್ಷಿಸಲು ಡಾಕ್ಟರಿಂದ ಅನುಮತಿ ಪಡೆದೆ. ಒಂದು ವರ್ಷ ಹಿಡಿಯಿತು. ತೊನ್ನಿನ ಇನ್ನೂ ಮೂವರು ಸಿಕ್ಕರು. ಒಬ್ಬರು ಸಿರಾದ ದರ್ಜಿ. "ಬಟ್ಟೆ ಹಿಡಿಯೋ ಕೈ ಸಾಬ್, ಈ ಬಿಳಿ ದಾಗ್ ನೋಡಿ ಗಿರಾಕಿ ವಾಪಸ್ ಹೋಗ್ತಾರೆ," ಎಂದು ಬೇಸಿಗೆಯಲ್ಲೂ ಕೈಗವಸು ತೊಟ್ಟು ಹೊಲಿಯುತ್ತಿದ್ದರು. ಇನ್ನೊಬ್ಬರು ತೋವಿನಕೆರೆ ಕಡೆಯ ಮೇಷ್ಟ್ರು. ತಾವರೆಕೆರೆಯ ಹತ್ತಿರದ ಹೆಂಗಸೊಬ್ಬರು ಹಟ್ಟಿಯಿಂದ ಹೊರಗೇ ಬರುತ್ತಿರಲಿಲ್ಲ. ಅವರ ಮನೆಗೆ ಬಾಲವಾಡಿಯ ಆಕೆಯೇ ನನ್ನ ಜೊತೆ ಬಂದಳು. ನಾನು ಅಂಗಳದಲ್ಲಿ ನಿಂತೆ, ಆಕೆ ಒಳಗೆ ಹೋದಳು. ಮಧ್ಯಾಹ್ನವಾದರೂ ಇಬ್ಬರ ಮಾತು ಮುಗಿದಿರಲಿಲ್ಲ.

ಒಂದು ಭಾನುವಾರ ಮಧುಗಿರಿಯ ಶಾಲೆಯೊಂದರ ಕೋಣೆಯಲ್ಲಿ ಇವರನ್ನೆಲ್ಲಾ ಸೇರಿಸಿದೆವು. ಮೇಷ್ಟ್ರು ಗೇಟಿನವರೆಗೆ ಬಂದು ಹಿಂದಿರುಗಿಬಿಟ್ಟರು. ಮುಂದಿನ ತಿಂಗಳು ಒಳಗೆ ಬಂದರು. ಬಾವಂಚಿ ಹಚ್ಚಿ ಸುಟ್ಟುಕೊಳ್ಳಬೇಡಿ ಎಂದು ಆಕೆ ತನ್ನ ಮುಂಗೈ ಕಲೆ ತೋರಿಸಿ ಹೇಳುತ್ತಿದ್ದಳು. ಇದು ಹೋಗುತ್ತದೆಯೇ ಎಂದು ಹೊಸಬರು ಕೇಳಿದರೆ, "ಗೊತ್ತಿಲ್ಲ ಕಣಮ್ಮ, ನಂದು ಹೋಗಿಲ್ಲ" ಎನ್ನುತ್ತಿದ್ದಳು. ಸುಳ್ಳು ಹೇಳದ ಆ ಉತ್ತರಕ್ಕೇ ಜನ ಮತ್ತೆ ಬರುತ್ತಿದ್ದರೆಂದು ನನಗನಿಸುತ್ತದೆ.

ಐದಾರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆ ಮಗಳನ್ನು ಕರೆದುಕೊಂಡು ಕಚೇರಿಗೆ ಬಂದಳು. ಅಷ್ಟರಲ್ಲಿ ಆಕೆ ಮಧುಗಿರಿಯ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದಳು, ಮಗಳು ಅಲ್ಲೇ ಹೈಸ್ಕೂಲಿಗೆ ಹೋಗುತ್ತಿದ್ದಳು. ಹುಡುಗಿಯ ಪಾದದ ಗೆಣ್ಣಿನ ಮೇಲೆ ಕಡಲೆಕಾಯಿ ಬೀಜದಷ್ಟು ಬಿಳಿ ಚುಕ್ಕೆ.

ನೋಡಬೇಕಾದ್ದನ್ನೆಲ್ಲಾ ನೋಡಿದೆ, ಒಂದೊಂದನ್ನೂ ಎರಡು ಸಲ. ಡಾಕ್ಟರನ್ನೂ ಕರೆದು ತೋರಿಸಿದೆ. ಅನುಮಾನ ಉಳಿಯಲಿಲ್ಲ. ತಾಯಿ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

ಹುಡುಗಿ ನನ್ನನ್ನೂ ತಾಯಿಯನ್ನೂ ನೋಡಿದಳು. "ಅಮ್ಮಂಗೆ ಇರೋದೇನಾ ಸಾರ್?"

"ಹೂಂನಮ್ಮ. ಅದೇ."

"ಅಷ್ಟೇನಾ?" ಎಂದು ಲಂಗ ಕೆಳಗೆ ಬಿಟ್ಟುಕೊಂಡು ಎದ್ದಳು. ಗೋಡೆಯ ಗಡಿಯಾರ ನೋಡಿ ತಾಯಿಯ ತೋಳು ಹಿಡಿದೆಳೆದಳು. "ಏಳಮ್ಮ, ಎರಡನೇ ಪಿರಿಯಡ್‌ಗಾದ್ರೂ ಹೋಗ್ಬೇಕು. ಲೆಕ್ಕದ ಟೆಸ್ಟ್ ಐತೆ."